ಕಿವಿಯೊಳಗಿನ ಹತ್ತಿ

ನಾನು ಚಿಕ್ಕವಳಿದ್ದಾಗ, ಹತ್ತಿ ಬಿಡಿಸುವ ಕಾಲ ಬಂತೆಂದರೆ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹತ್ತಿಗೇ ಹೆಚ್ಚು ಜಾಗ. ದೇವದುರ್ಗ ತಾಲೂಕಿನ ಮಸರಕಲ್‌ನಲ್ಲಿ ಅಪ್ಪ ಪಾಲಿಗೆ ಹೊಲ ಮಾಡುತ್ತಿದ್ದ. ಬಿಡಿಸಿ ತಂದ ಹತ್ತಿಯನ್ನು ಇದ್ದೊಂದು ಕೋಣೆಯಲ್ಲಿ, ಮೇಲೆ ಕೂತರೆ ಜಂತಿ ಕೈಗೆ ಸಿಗುವಂತೆ ತುಂಬುತ್ತಿದ್ದರು. ನಾವು ಅದರ ಮೇಲೇ ಮಲಗುತ್ತಿದ್ದೆವು. ಬಿಸಿಲಿನ ವಾಸನೆ, ಒಣಗಿದ ಎಲೆಯ ಪುಡಿ, ಮೂಗಿಗೆ ಹೊಕ್ಕು ಸೀನು ಬರಿಸುವ ಎಳೆಗಳು. ಮಕ್ಕಳೇ, ನಿಮ್ಮ ಸ್ಪ್ರಿಂಗ್ ಹಾಸಿಗೆ ಅದರ ಮುಂದೆ ಏನೇನೂ ಅಲ್ಲ, ಬೇಕಾದರೆ ಜಗಳಕ್ಕೆ ಬನ್ನಿ.

ಆ ವರ್ಷ ನನಗೆ ದೊಡ್ಡ ನೆಗಡಿ ಬಂತು. ಮೂಗು ಸೋರಿ ಸೋರಿ ನಿಂತ ಮೇಲೆ ಕಿವಿ ನೋವು ಶುರುವಾಯಿತು. ರಾತ್ರಿಯೆಲ್ಲ ಅತ್ತೆ. ಒಂದು ಬೆಳಿಗ್ಗೆ ನೋವು ತಟ್ಟನೆ ನಿಂತು ಕಿವಿಯಿಂದ ಕೀವು ಇಳಿಯಿತು. ನೋವು ಹೋಯಿತಲ್ಲ ಎಂದು ಮನೆಯವರಿಗೆಲ್ಲ ಸಮಾಧಾನ. ಆದರೆ ಕೀವು ನಿಲ್ಲಲಿಲ್ಲ, ಎರಡೂ ಕಿವಿ ಸೋರುತ್ತಲೇ ಇದ್ದವು. ಅದಕ್ಕೊಂದು ವಾಸನೆ ಇತ್ತು. ಎಂಥದ್ದು ಎಂದು ಹೇಳಿದರೆ ನೀವು ಊಟ ಬಿಟ್ಟು ಏಳುತ್ತೀರಿ, ಹೇಳುವುದಿಲ್ಲ.

ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯರು ದಿನಕ್ಕಿಷ್ಟು ದೂರ ಸರಿದರು. ಯಾರೂ ಬಯ್ಯಲಿಲ್ಲ, ಜಗಳವಾಡಲಿಲ್ಲ, ಸುಮ್ಮನೆ ಸರಿದರು. ನಾವು ಕೂರುವ ಗೋಣಿತಟ್ಟಿನ ಮೇಲೆ ನನ್ನ ಎರಡೂ ಬದಿಗೆ ಜಾಗ ಖಾಲಿ ಬಿತ್ತು. ಮನೆಗೆ ಬಂದು ಅಕ್ಕನ ಮುಂದೆ ಅತ್ತೆ. ಅವ್ವ ಕತ್ತಲಿರುವಾಗಲೇ ಹೊಲಕ್ಕೆ ಹೋಗುತ್ತಿದ್ದಳು, ಹಾಗಾಗಿ ನನಗೆ ಅಕ್ಕನೇ ಎಲ್ಲ.

ಅಕ್ಕ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸಿದಳು. ಬೆಚ್ಚಗಿನ ಎಣ್ಣೆಯನ್ನು ಎರಡೂ ಕಿವಿಗೆ ಬಿಟ್ಟು, ಮೇಲೆ ಹತ್ತಿ ಇಟ್ಟಳು. ಮನೆ ತುಂಬ ಇತ್ತಲ್ಲ ಹತ್ತಿ! ಗುಡ್ಡೆಯಿಂದ ಒಂದು ತೊಳೆ ಕಿತ್ತು, ಬೆರಳಲ್ಲಿ ಕಾಳು ಬೇರ್ಪಡಿಸಿ, ಉಂಡೆ ಮಾಡಿ ತುಂಬುತ್ತಿದ್ದಳು. ಹೊರಗೆ ಬೆಳ್ಳಗೆ ಕಂಡರೆ ಹುಡುಗರು ಆಡಿಕೊಳ್ಳುತ್ತಾರೆಂದು ತೊಗರಿಕಡ್ಡಿಯಿಂದ ಮೆಲ್ಲಗೆ ಒಳಗೆ ದೂಡುತ್ತಿದ್ದಳು.

"ಇನ್ ವಾಸನಿ ಬರಂಗಿಲ್ಲ ನೋಡು. ನಾಳಿ ಎಲ್ಲಾರೂ ನಿನ್ ಮಗ್ಗಲಿಗೇ ಕುಂದ್ರತಾರ," ಎನ್ನುತ್ತಿದ್ದಳು.

ಮರುದಿನ ಕೈಗೆ ಸಿಕ್ಕಷ್ಟು ಹತ್ತಿ ತೆಗೆದು ಹೊಸದು ಇಡುತ್ತಿದ್ದಳು. ಸಿಗದೆ ಉಳಿದದ್ದು ಒಳಗೇ ಉಳಿಯಿತು. ಅದು ಅವಳಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಮೊದಲು ದೂರದ ಸದ್ದುಗಳು ಹೋದವು, ಬಸ್ಸಿನ ಹಾರ್ನ್, ಗುಡಿಯ ಗಂಟೆ. ಆಮೇಲೆ ಹತ್ತಿರದವೂ ಹೋದವು. ಅಕ್ಕ ರೊಟ್ಟಿ ಬಡಿಯುವುದು ಕಾಣುತ್ತಿತ್ತು, ಸದ್ದಿಲ್ಲ. ಯಾರಾದರೂ ಎದುರು ನಿಂತು ಕಿರುಚಿದರೆ ಮಾತ್ರ ಎಲ್ಲೋ ಬಾವಿಯಾಚೆಯಿಂದ ಕರೆದ ಹಾಗೆ ಕೇಳುತ್ತಿತ್ತು. ಹಿಂದಿನಿಂದ ಕರೆದರೆ ನಾನು ತಿರುಗುತ್ತಿರಲಿಲ್ಲ. ಸೊಕ್ಕು ಬಂದಿದೆ ಅಂದರು. ಸೊಕ್ಕಲ್ಲ ಎಂದು ತಿಳಿದ ಮೇಲೆ "ಕಿವುಡಿ" ಅಂದರು. ಆಟಕ್ಕೆ ಕರೆಯುವುದನ್ನು ಬಿಟ್ಟೇಬಿಟ್ಟರು. ನಾನು ಹತ್ತಿಯ ಗುಡ್ಡೆ ಹತ್ತಿ ಕೂತು ಬೆಳಕಿಂಡಿಯಿಂದ ಅವರ ಆಟ ನೋಡುತ್ತಿದ್ದೆ. ಬಾಯಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಅಷ್ಟು ಒಂಟಿ ಎಂದು ನನಗೆ ಆಮೇಲೆ ಜೀವನದಲ್ಲಿ ಯಾವತ್ತೂ ಅನ್ನಿಸಲಿಲ್ಲ.

ಮಾಸ್ತರರು ಅಪ್ಪನಿಗೆ ದೂರು ಹೇಳಿದರು. ಆ ಸಂಜೆ ಮನೆಯಲ್ಲಿ ನಡೆದ ಮಾತನ್ನು ಅಕ್ಕ ನನಗೆ ಎಷ್ಟೋ ದಿನದ ಮೇಲೆ ಹೇಳಿದಳು. ಅಪ್ಪ ಅಂದನಂತೆ, "ಇಕಿಗೆ ಮಾಸ್ತರ ಮಾತು ಕೇಳ್ಸಂಗೇ ಇಲ್ಲ. ಸಾಲಿ ಸಾಕು. ಸೋಮಾರದಿಂದ ಹತ್ತಿ ಬಿಡ್ಸಾಕ ಬರ್ಲಿ."

"ಯಪ್ಪಾ, ಒಂದ್ ಸಲ ರಾಯಚೂರು ದವಾಖಾನಿಗೆ ತೋರ್ಸೂಣು. ಆಮ್ಯಾಲ ನೀ ಹೇಳ್ದಂಗ ಆಗ್ಲಿ," ಎಂದು ಅಕ್ಕ ಕೈ ಮುಗಿದಳಂತೆ.

ಹಾಗೆ ಅಪ್ಪ, ಅಕ್ಕ, ನಾನು ಮೂವರೂ ರಾಯಚೂರಿನ ಬಸ್ಸು ಹತ್ತಿದೆವು. ಬಸ್ಸು ನನ್ನ ಮಟ್ಟಿಗೆ ಸದ್ದಿಲ್ಲದೆ ಓಡಿತು, ಸೀಟು ಮಾತ್ರ ನಡುಗುತ್ತಿತ್ತು. ರಾಯಚೂರು ಹತ್ತಿರ ಬಂದಂತೆ ಹತ್ತಿ ಗಾಡಿಗಳು ಉಜ್ಜಿಕೊಂಡು ಹೋದ ಜಾಲಿಮುಳ್ಳುಗಳ ಮೇಲೆಲ್ಲ ಬಿಳಿ ಎಳೆಗಳು ಜೋತಾಡುತ್ತಿದ್ದವು. ದವಾಖಾನೆಯಲ್ಲಿ ಡೆಟಾಲ್ ವಾಸನೆ. ಬೆಂಚಿನ ಮೇಲೆ ಗಂಟಲು ಬಾತ ಹುಡುಗನೊಬ್ಬ ಉಗುಳು ನುಂಗಲಾಗದೆ ಟವೆಲ್ ಕಚ್ಚಿಕೊಂಡು ಕೂತಿದ್ದ.

ಡಾಕ್ಟರರು ಹಣೆಗೆ ಒಂದು ದುಂಡು ಕನ್ನಡಿ ಕಟ್ಟಿಕೊಂಡಿದ್ದರು. ಅದರ ನಡುವೆ ತೂತು, ಆ ತೂತಿನಲ್ಲಿ ಒಂದು ಕಣ್ಣು. ನಾನು ಹೆದರಿ ಹಿಂದೆ ಸರಿದೆ. ಅಕ್ಕ ಬೆನ್ನಿಗೆ ನಿಂತು ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಳು. ಕನ್ನಡಿಯ ಬೆಳಕು ನನ್ನ ಕಿವಿಗೆ ಬಿತ್ತು. ಡಾಕ್ಟರರು ಏನೋ ಕೇಳಿದರು, ಅಕ್ಕ ಏನೋ ಹೇಳಿದಳು. ಆಮೇಲೆ ಅವರು ಸಣ್ಣ ಚಿಮಟ ತೆಗೆದುಕೊಂಡರು.

ಒಳಗೆ ಏನೋ ಪರಪರ ಹರಿದ ಹಾಗಾಯಿತು. ನೋವಿಗಿಂತ ಹೆದರಿಕೆ ಹೆಚ್ಚು. ಬಿಳಿ ತಟ್ಟೆಗೆ ಒಂದು ಕಪ್ಪು ಮುದ್ದೆ ಬಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಎಣ್ಣೆ ಕುಡಿದು, ಕೀವು ಕುಡಿದು ಕೊಳೆತ ಹತ್ತಿ. ಒಂದರಲ್ಲಿ ಕಾಳಿನ ಸಿಪ್ಪೆ ಕೂಡ ಅಂಟಿಕೊಂಡಿತ್ತು. ಅಪ್ಪ ಬಗ್ಗಿ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. ಇನ್ನೊಂದು ಕಿವಿಯದೂ ಮುಗಿದ ಮೇಲೆ ಡಾಕ್ಟರರು ಚಿಮಟವನ್ನು ತಟ್ಟೆಗೆ ಹಾಕಿದರು.

ಟಣ್!

ಬೆಚ್ಚಿಬಿದ್ದೆ. ಆಮೇಲೆ ಫ್ಯಾನು ಕೇಳಿತು, ಹೊರಗೆ ಯಾರದೋ ಕೆಮ್ಮು ಕೇಳಿತು. ನನ್ನ ಬೆನ್ನ ಹಿಂದೆ ಯಾರೋ ಬಿಕ್ಕುತ್ತಿದ್ದರು. ನಾನು ತಿರುಗಿದೆ. ಅಕ್ಕ.

"ನಾನಾ ತುಂಬೀನ್ರೀ ಸಾಹೇಬ್ರ, ನನ್ ಕೈಯಿಂದಾನಾ ತುಂಬೀನಿ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಅಳಬ್ಯಾಡವ್ವ," ಅಂದರು ಡಾಕ್ಟರರು. "ಕಿವಿ ಪರದಿಗೆ ಸಣ್ಣ ತೂತು ಬಿದ್ದದ. ಎಣ್ಣಿ ಬಿಡಬ್ಯಾಡ್ರಿ, ಕಡ್ಡಿ ಹಾಕಬ್ಯಾಡ್ರಿ, ತಲಿಗೆ ಎರಕೊಳ್ಳುವಾಗ ನೀರು ಹೋಗ್ಲಾರದಂಗ ನೋಡ್ಕೋರಿ. ಸೋರಿದ್ರ ಹೊರಗಷ್ಟೇ ಒರಸ್ರಿ. ನಾ ಕೊಟ್ಟ ಹನಿ ಹಾಕಿ, ಮತ್ತ ಕರ್ಕೊಂಡು ಬರ್ರಿ."

ಅಪ್ಪ ಮೆಲ್ಲಗೆ ಕೇಳಿದ, "ಸಾಲಿಗೆ ಕಳಸಬಹುದೇನ್ರೀ?"

"ಯಾಕ ಕಳಸಬಾರ್ದು? ಮಾಸ್ತರ ಎದುರಿಗೇ ಕುಂದ್ರಸ್ರಿ."

ವಾಪಸ್ ಬರುವಾಗ ಬಸ್ಸಿನ ಗದ್ದಲ ಹೇಳತೀರದು. ನನಗೆ ಕುಣಿಯುವಷ್ಟು ಖುಷಿ. ಅಕ್ಕ ಮಾತ್ರ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ನಾನು ಅವಳ ತೋಳಿಗೆ ತಲೆ ಆನಿಸಿದೆ.

ಸೋಮವಾರ ನಾನು ಹೊಲಕ್ಕೆ ಹೋಗಲಿಲ್ಲ, ಶಾಲೆಗೆ ಹೋದೆ. ಎಡಗಿವಿ ಪೂರ್ತಿ ವಾಸಿಯಾಯಿತು, ಬಲಗಿವಿ ಇವತ್ತಿಗೂ ಅರೆಬರೆ. ಪಕ್ಕದ ಜಾಗ ಮಾತ್ರ ಬಹಳ ದಿನ ಖಾಲಿಯೇ ಇತ್ತು. ಕಿವಿ ವಾಸಿಯಾದಷ್ಟು ಬೇಗ ಜನ ಹತ್ತಿರ ಬರುವುದಿಲ್ಲ, ಮಕ್ಕಳೇ.

ಈಗ ನಾವಿರುವ ಮಾನ್ವಿಯಲ್ಲಿ ನಿಮಗೆ ನೆಗಡಿಯಾಗಿ ಕಿವಿ ಚುಚ್ಚಿತೆಂದರೆ ಸಂಜೆಯೊಳಗೆ ಡಾಕ್ಟರ ಮುಂದೆ ಇರುತ್ತೀರಿ. ಕಿವಿಯ ಒಳಗು ಅವರ ಟಿವಿಯಲ್ಲಿ ಕಾಣುತ್ತದೆ. ಒಂದು ದಿನವೂ ನೀವು ಸದ್ದಿಲ್ಲದ ಲೋಕದಲ್ಲಿ ಕೂತಿಲ್ಲ, ನನಗದು ಸಂತೋಷ. ಆದರೆ ನಿನ್ನೆ ಊಟ ಮಾಡುತ್ತ ನೀವು ನಕ್ಕಿರಲ್ಲ, ಕ್ಲಾಸಿಗೆ ಹೊಸದಾಗಿ ಬಂದ ಹುಡುಗಿ ಎಷ್ಟು ಕರೆದರೂ ತಿರುಗುವುದಿಲ್ಲ, ಬಲು ಜಂಬ ಅಂತ, ಆಗಿನಿಂದ ನನಗೆ ಅನ್ನ ಸೇರಿಲ್ಲ. ನಾಳೆ ಹೋಗಿ ಅವಳ ಎದುರು ನಿಂತು ಮಾತಾಡಿಸಿ. ಕೇಳದಿದ್ದರೆ ಟೀಚರಿಗೆ ಹೇಳಿ. ಹೇಳಿ ಬಂದು ಅವಳ ಪಕ್ಕದಲ್ಲೇ ಕೂತುಕೊಳ್ಳಿ. ಆಗ ನನ್ನ ಪಕ್ಕ ಯಾರೂ ಬಂದು ಕೂರಲಿಲ್ಲ.