ತುಂಡು ತುಂಡಾಗಿ ಊರು ಸುತ್ತುವ ಸ್ಕೂಟರ್

ಶುಕ್ರವಾರ. ಇನ್ನೂ ಸೂರ್ಯನ ಎಂಟ್ರಿ ಆಗಿಲ್ಲ. ಗಂಗಾವತಿಯ ಅಕ್ಕಿ ಗಿರಣಿಗಳ ಸಾಲು ಮುಗಿಯುವಲ್ಲಿ, ತಗಡಿನ ಅಂಗಡಿಯ ಮುಂದೆ ಗಾಳೆಪ್ಪ ತನ್ನ ಹಸಿರು ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ, ನೆಟ್ಟಗೆ ಮಾಡಿ, ಒದೆಯುತ್ತಾನೆ. ಸಿನಿಮಾ ಆಗಿದ್ದರೆ ಒಂದೇ ಒದೆಗೆ ಗಾಡಿಯೂ ಹಾಡೂ ಒಟ್ಟಿಗೆ ಶುರುವಾಗುತ್ತಿದ್ದವು. ಇಲ್ಲಿ ಬರೀ ಕೆಮ್ಮು. ಮತ್ತೊಂದು ಒದೆಗೆ ಹೊಗೆ ಉಗುಳಿ ಎಂಜಿನ್ ಏಳುತ್ತದೆ. ಅವನ ತಾಯಿ ದುರಗಮ್ಮ ಇಳಕಲ್ ಸೀರೆ ಉಟ್ಟು, ಹೂವು-ಕಾಯಿಯ ಚೀಲ ಹಿಡಿದು ನಿಂತಿದ್ದಾರೆ. ಹುಲಿಗಿ ಊರಿನ ಹುಲಿಗೆಮ್ಮನ ಗುಡಿಗೆ ಇದೇ ಗಾಡಿಯಲ್ಲಿ ಕರೆದೊಯ್ಯುತ್ತೇನೆಂದು ಮಗ ಮಾತು ಕೊಟ್ಟು ವರ್ಷ ಕಳೆದಿದೆ.

ಗಾಳೆಪ್ಪನಿಗೆ ಇಪ್ಪತ್ಮೂರು. ಕೊಪ್ಪಳದ ಗ್ಯಾರೇಜಿನಲ್ಲಿ ಪಾನಾ ಹಿಡಿಯುತ್ತಿದ್ದಾಗ, ಒಂದು ವೈರು ಸಿಗದೆ ಗಾಡಿಗಳು ವಾರಗಟ್ಟಲೆ ನಿಲ್ಲುವುದನ್ನು ನೋಡಿ ತಲೆ ಕೆಟ್ಟು, ಎರಡು ವರ್ಷದ ಹಿಂದೆ, 1983ರಲ್ಲಿ, ಈ ಬಿಡಿಭಾಗಗಳ ಅಂಗಡಿ ತೆರೆದ. ಈಗ ಕುಷ್ಟಗಿ, ಯಲಬುರ್ಗಾ ಕಡೆಯವರೂ ಇಲ್ಲಿಗೇ ಬರುತ್ತಾರೆ. ಸಾಮಾನು ಬರುವುದು ಹುಬ್ಬಳ್ಳಿ ಬಸ್ಸಿನ ತಲೆಯ ಮೇಲೆ. ಬರದ ದಿನ ಕಪಾಟು ಖಾಲಿ, ಎದುರಿಗೆ ಗಿರಾಕಿ. ಆಗ ಗಾಳೆಪ್ಪ ತನ್ನ ಗಾಡಿಯನ್ನೇ ಬಿಚ್ಚಿ ಕೊಡುತ್ತಾನೆ.

"ಬರಿಗೈಲೆ ಕಳಿಸಿದ್ರ ಅವ್ರು ಹುಬ್ಬಳ್ಳಿ ದಾರಿ ಹಿಡಿತಾರ್ರಿ. ಆಮ್ಯಾಲೆ ಈ ಕಡೆ ಹೊಳ್ಳಿ ನೋಡಂಗಿಲ್ಲ" ಎನ್ನುವಾಗಲೂ ಅವನ ಕಣ್ಣು ರಸ್ತೆಯ ಮೇಲೆ. ಎಲ್ಲಿ ಸ್ಕೂಟರ್ ಕೆಮ್ಮಿದರೂ ಎದ್ದು ನಿಲ್ಲುತ್ತಾನೆ. ಅವನು ಕುಳಿತು ಚಹಾ ಮುಗಿಸಿದ್ದನ್ನು ಕಂಡವರಿಲ್ಲ.

ಗಿರಣಿಯಲ್ಲಿ ಅಕ್ಕಿ ಕೇರುವ ದುರಗಮ್ಮನಿಗೆ, ಮಗನ ಗಾಡಿ ಯಾವಾಗ ಏರುತ್ತೀ ಎಂದು ಗೆಳತಿಯರ ಕಾಟ. "ಹ್ವಾದ ವಾರ ಪ್ಲಗ್ ಕೊಟ್ಟ, ಅದರ ಹಿಂದಿನ ವಾರ ಗಾಲಿ. ಒಂದಿನ ನನ್ನೂ ಬಿಚ್ಚಿ ಮಾರ್ತಾನ ನೋಡ್ರಿ" ಎಂದು ನಗುತ್ತಾರೆ.

ಇವತ್ತು ಮಾತ್ರ ಗಾಡಿಗೆ ಎಲ್ಲ ಅಂಗಾಂಗಗಳೂ ಇವೆ. ದುರಗಮ್ಮ ಹಿಂದಿನ ಸೀಟಿನಲ್ಲಿ ಒಂದು ಕಡೆ ಕಾಲು ಬಿಟ್ಟು ಕೂರುತ್ತಾರೆ. ಸರಿಯಾಗಿ ಆಗಲೇ ದನದ ದವಾಖಾನೆಯ ಕಂಪೌಂಡರ್ ಅಮೀನಸಾಬ ಸ್ಕೂಟರ್ ತಳ್ಳಿಕೊಂಡು ಬರುತ್ತಾರೆ. ಕ್ಲಚ್ ವೈರು ಹರಿದಿದೆ. ಕುಷ್ಟಗಿ ದಾರಿಯ ಹಳ್ಳಿಯೊಂದರಲ್ಲಿ ಎಮ್ಮೆಯೊಂದು ಕರು ಹಾಕಲಾಗದೆ ಒದ್ದಾಡುತ್ತಿದೆಯಂತೆ. ಆ ಹಳ್ಳಿಗೆ ಬಸ್ಸಿಲ್ಲ. ಅಂಗಡಿಯಲ್ಲಿ ಆ ವೈರಿಲ್ಲ. ಹುಬ್ಬಳ್ಳಿ ಬಸ್ಸು ಮಧ್ಯಾಹ್ನಕ್ಕೆ.

ದುರಗಮ್ಮನ ಸೀರೆ, ಚೀಲ ನೋಡಿ ಅಮೀನಸಾಬರು ತಮ್ಮ ಗಾಡಿಯನ್ನು ಹಿಂದಕ್ಕೆ ತಿರುಗಿಸುತ್ತಾರೆ. ಗಾಳೆಪ್ಪ ಎಂಜಿನ್ ಆರಿಸುವುದೂ ಇಲ್ಲ, ಹೊರಡುವುದೂ ಇಲ್ಲ. ಕೊನೆಗೆ ದುರಗಮ್ಮನೇ ಇಳಿಯುತ್ತಾರೆ.

"ಅಲ್ಲಿ ಎಮ್ಮಿ ಬ್ಯಾನಿ ತಿನ್ನಾಕತ್ತೈತಿ, ನೀ ನನ್ನ ಮಾರಿ ಏನ್ ನೋಡ್ತೀಯೋ? ಬಿಚ್ಚಿ ಕೊಡು. ಹುಲಿಗಿಗೆ ಬಸ್ ಅದಾವ."

ಅವರು ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾರೆ. ಬೆಳಕಾಗುವಷ್ಟರಲ್ಲಿ ಹಸಿರು ಗಾಡಿಯ ವೈರು ಕುಷ್ಟಗಿ ರಸ್ತೆಯಲ್ಲಿದೆ. ಗಾಳೆಪ್ಪ ಕೈಯ ಗ್ರೀಸು ಒರೆಸಿಕೊಳ್ಳುತ್ತಾ ತಾಯಿ ಹೋದ ದಿಕ್ಕನ್ನೇ ನೋಡುತ್ತಾನೆ.

"ನನ್ನ ಗಾಡಿ ಕುಷ್ಟಗಿ ನೋಡೇತಿ, ಯಲಬುರ್ಗಿ ನೋಡೇತಿ. ತುಂಡು ತುಂಡಾಗಿ ಎಲ್ಲಾ ಕಡೆ ಅಡ್ಡಾಡಿ ಬಂದೈತ್ರಿ. ಒಮ್ಮೆ ಇಡಿಯಾಗಿ, ಅವ್ವನ್ನ ಕುಂಡ್ರಿಸ್ಕೊಂಡು ಹುಲಿಗಿ ನೋಡಿದ್ರ ಸಾಕು."