ನರ್ಸಮ್ಮನ ಹಿತ್ತಾಳೆ ಚೊಂಬು

ಕಡೂರಿನಲ್ಲಿ ಮೂವತ್ತು ವರ್ಷದಿಂದ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ನನ್ನಂಥವನಿಗೆ ಯಶೋದಮ್ಮನನ್ನು ಕಂಡರೆ ಮೈ ಉರಿಯಬೇಕು. ಇಷ್ಟು ವರ್ಷದ ಪರಿಚಯದಲ್ಲಿ ಅವರು ನನ್ನಲ್ಲಿ ಒಂದು ಚಮಚ ಕೂಡ ಕೊಂಡವರಲ್ಲ. ಆದರೂ ಕಡೂರಿಗೆ ಬಂದಾಗಲೆಲ್ಲ ನನ್ನ ಅಂಗಡಿಯ ಸ್ಟೂಲಿನ ಮೇಲೆ, ನನ್ನದೇ ಫ್ಯಾನಿನ ಕೆಳಗೆ ಕೂತು, ನಾನೇ ತರಿಸಿದ ಕಾಫಿ ಕುಡಿದು, ಸುತ್ತ ಹೊಳೆಯುವ ಸ್ಟೀಲು ಸಾಮಾನುಗಳನ್ನು ಒಮ್ಮೆ ನೋಡಿ, “ಇವೆಲ್ಲ ಇನ್ನೂ ಹಳೇದಾಗ್ಬೇಕು ಕಣ್ರೀ ರುದ್ರಮೂರ್ತಿ, ಆಮೇಲ್ ನೋಡಾಣ” ಎಂದು ಎದ್ದು ಹೋಗುತ್ತಾರೆ.

ಯಶೋದಮ್ಮ ಆರೋಗ್ಯ ಇಲಾಖೆಯಲ್ಲಿ ನರ್ಸಾಗಿದ್ದವರು. ಎಮ್ಮೆದೊಡ್ಡಿ, ಚೌಳಹಿರಿಯೂರು, ಶಿವನಿ ಎಂದು ವರ್ಗವಾದ ಕಡೆಗೆಲ್ಲ ಒಂದು ಟ್ರಂಕು ಹಿಡಿದು ಹೋದರು. ಟ್ರಂಕಿನಲ್ಲಿ ಹಿಡಿಯದ್ದು ತನ್ನದಲ್ಲ ಎನ್ನುವುದು ಆಗ ಅನಿವಾರ್ಯವಾಗಿತ್ತು, ನಿವೃತ್ತಿಯಾದ ಮೇಲೆ ಚಟವಾಯಿತು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, “ಬೇರೇರ ಹೆರಿಗೆ ಮಾಡ್ಸೋದ್ರಲ್ಲೇ ಟೈಮ್ ಆಗೋಯ್ತು” ಅನ್ನುತ್ತಾರೆ. ಆ ಮಾತಿನಲ್ಲಿ ಕೊರಗು ಹುಡುಕಿದರೂ ಸಿಗುವುದಿಲ್ಲ, ನಾನು ಹುಡುಕಿದ್ದೇನೆ. ಈಗ ಅಜ್ಜಂಪುರದಲ್ಲಿ ಒಂದು ಬಾಡಿಗೆ ಕೋಣೆ. ಎರಡು ತಟ್ಟೆ, ಎರಡು ಲೋಟ, ಒಂದು ಕುಕ್ಕರು, ಒಂದು ನೀರಿನ ಹಂಡೆ, ಒಂದು ಚೊಂಬು, ಆರು ಸೀರೆ, ಅದೇ ಟ್ರಂಕು. ಮನೆಗೆ ಒಂದು ವಸ್ತು ಬಂದರೆ ಒಂದು ಹೊರಗೆ ಹೋಗಬೇಕು ಎಂಬುದು ಅವರ ಮನೆಯ ಕಾನೂನು. ಒಮ್ಮೆ ನಾನು, ನನ್ನ ಹೆಂಡತಿ ಸೌಮ್ಯ ಮತ್ತು ಮಗಳು ಹೋದಾಗ, ಅವರಿಬ್ಬರೂ ಕುಡಿದು ಲೋಟ ತೊಳೆದುಕೊಡುವವರೆಗೆ ನಾನು ಕಾಫಿಗೆ ಕಾದು ಕೂತಿದ್ದೆ. ಪಾತ್ರೆ ಅಂಗಡಿಯವನಿಗೆ ಇದಕ್ಕಿಂತ ಅವಮಾನ ಬೇಕೆ?

ಹಾಗೆಂದು ಅವರೇನೂ ಸನ್ಯಾಸಿನಿಯಲ್ಲ. ಅಂಗಡಿ ಸುತ್ತುವ ಹುಚ್ಚು ಸೌಮ್ಯಳಿಗಿಂತ ಹೆಚ್ಚು. ಆದರೆ ಹಳೆಯದರ ಅಂಗಡಿಯೇ ಆಗಬೇಕು. ತರೀಕೆರೆಯಲ್ಲಿ ರಸ್ತೆ ಬದಿ ಹಳೇ ಬಟ್ಟೆಯ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಯಾವನೋ ಗಂಡಸಿನ ಕೋಟೊಂದನ್ನು ಎಳೆದು ತೆಗೆದರು. ಅದಕ್ಕೆ ಐದು ಜೇಬು. ಚಳಿಗಾಲದಲ್ಲಿ ಸೀರೆಯ ಮೇಲೆ ಅದನ್ನೇ ಹಾಕಿಕೊಂಡು, ಒಂದರಲ್ಲಿ ಕನ್ನಡಕ, ಒಂದರಲ್ಲಿ ಕಡಲೆಕಾಯಿ ಇಟ್ಟುಕೊಂಡು ಓಡಾಡುತ್ತಾರೆ. “ಮೂವತ್ತಾರ್ ವರ್ಷ ಯೂನಿಫಾರಂ ಹಾಕ್ಕಂಡೆ, ಸರ್ಕಾರ ನಂಗೊಂದು ಜೇಬು ಕೊಡ್ಲಿಲ್ಲ. ಈಗ್ ನೋಡಿ!” ಎಂದು ಐದೂ ಜೇಬು ತೋರಿಸಿದ್ದರು.

ನಮ್ಮ ಬೀದಿಯ ಕೊನೆಯಲ್ಲಿರುವ ಮುದ್ದಪ್ಪನ ಗುಜರಿ ಅಂಗಡಿಯಲ್ಲಂತೂ ಗಂಟೆಗಟ್ಟಲೆ ಕೂರುತ್ತಾರೆ. ಹಳೇ ಪಾತ್ರೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, “ಇದು ಒಳ್ಳೇ ಮನೇದು”, “ಇದು ಪಾಪ, ಬರೀ ಬೈಸ್ಕಂಡಿದ್ದು” ಎಂದು ತೀರ್ಪು ಕೊಡುತ್ತಾರೆ. ಬಹಳ ಸಲ ಏನೂ ಕೊಳ್ಳದೆ, ಹಬ್ಬದೂಟ ಮುಗಿಸಿದವರ ಹಾಗೆ ತೃಪ್ತಿಯಾಗಿ ಬರುತ್ತಾರೆ. ಹನ್ನೊಂದು ವರ್ಷದಿಂದ ಅವರು ಹುಡುಕುತ್ತಿದ್ದದ್ದು ಒಂದೇ ಒಂದು ವಸ್ತು: ಕೈಗೆ ಸರಿಯಾಗಿ ಕೂರುವ ಕತ್ತಿನ, ಹಳೇ ಕಾಲದ ಹಿತ್ತಾಳೆ ಚೊಂಬು.

ಕಳೆದ ಶ್ರಾವಣದಲ್ಲಿ ಅದು ಮುದ್ದಪ್ಪನಲ್ಲೇ ಸಿಕ್ಕಿತು. ಮಸಿ ಹಿಡಿದು ಕರ್ರಗಾಗಿದ್ದ ಚೊಂಬನ್ನು ಮಗು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ನನ್ನ ಅಂಗಡಿಗೆ ಬಂದರು. ಕತ್ತಿನ ಮೇಲೆ ‘ತೀರ್ಥಮ್ಮ’ ಎಂದು ಚುಕ್ಕಿ ಚುಕ್ಕಿಯಾಗಿ ಹೆಸರಿತ್ತು. ಈಗ ನಾನು ಮೆಷಿನ್ನಿನಲ್ಲಿ ಒಂದು ನಿಮಿಷಕ್ಕೆ ಹೆಸರು ಕೊರೆದು ಕೊಡುತ್ತೇನೆ. ನಮ್ಮಪ್ಪನ ಕಾಲದಲ್ಲಿ ಸಣ್ಣ ಉಳಿ, ಸಣ್ಣ ಸುತ್ತಿಗೆ, ಒಂದೊಂದು ಅಕ್ಷರಕ್ಕೂ ಹತ್ತಿಪ್ಪತ್ತು ಚುಕ್ಕಿ. “ಇದು ನಮ್ಮಪ್ಪನ ಕೈ” ಎಂದೆ. ಅವರಿಗೆ ಇನ್ನಷ್ಟು ಖುಷಿಯಾಯಿತು. ಅವತ್ತೇ ಸಂಜೆ ತಮ್ಮ ಸ್ಟೀಲು ಚೊಂಬನ್ನು ಎದುರು ಮನೆಯ ತಿಪ್ಪಮ್ಮನಿಗೆ ಕೊಟ್ಟುಬಿಟ್ಟರಂತೆ. ಕಾನೂನು ಅಂದರೆ ಕಾನೂನು.

ಆ ಚೊಂಬು ಮುದ್ದಪ್ಪನಿಗೆ ಎಲ್ಲಿಂದ ಬಂತು ಎಂದು ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಅದು ಹೋದದ್ದು ನನ್ನ ಅಂಗಡಿಯಿಂದಲೇ.

ಶ್ರಾವಣಕ್ಕೆ ನಾನು ಪ್ರತಿವರ್ಷ ಹಳೆಯದು ತೆಗೆದುಕೊಂಡು ಹೊಸದು ಕೊಡುತ್ತೇನೆ. ಬಂದ ಹಳೆಯದನ್ನು ಚೀಲಕ್ಕೆ ತುಂಬಿ ಮುದ್ದಪ್ಪನಿಗೆ ಸಾಗಿಸುತ್ತೇನೆ. ಯಶೋದಮ್ಮನಿಗೆ ಚೊಂಬು ಸಿಕ್ಕಿ ಇಪ್ಪತ್ತು ದಿನಕ್ಕೆ, ಒಂದು ಮಂಗಳವಾರ, ನಮ್ಮೂರಿನ ಓಂಕಾರೇಶನ ಹೆಂಡತಿ ವಿದ್ಯಾಶ್ರೀ ಅಂಗಡಿಗೆ ಬಂದಳು. ಮದುವೆಯಾಗಿ ನಾಲ್ಕೇ ತಿಂಗಳಾದ ಹುಡುಗಿ. ಆ ಶ್ರಾವಣದಲ್ಲೇ ಅಟ್ಟದ ಮೇಲಿನ ಹಿತ್ತಾಳೆ ಸಾಮಾನು ಕೊಟ್ಟು ಇಡ್ಲಿ ಕುಕ್ಕರು ಒಯ್ದಿದ್ದಳು. ಮುಖ ಬಿಳಿಚಿಕೊಂಡಿತ್ತು.

“ಅಣ್ಣಾ, ನಾನು ಕೊಟ್ಟಿದ್ರಲ್ಲಿ ಒಂದು ಚೊಂಬಿತ್ತಲ್ಲ, ಅದು ಇದ್ಯಾ?”

“ಯಾಕಮ್ಮಾ?”

“ಅತ್ತೆ ತರೀಕೆರೆ ಆಸ್ಪತ್ರೆಯಿಂದ ಫೋನ್ ಮಾಡಿದ್ರು. ನಾದ್ನಿಗೆ ಗಂಡುಮಗು. ಗುರುವಾರ ಬಾಣಂತೀನ ಕರ್ಕಂಡು ಬತ್ತಾರೆ. ಮಗೂಗೆ ಮನೇಲಿ ಮೊದಲ್ನೇ ನೀರು ಆ ಚೊಂಬಲ್ಲೇ ಹುಯ್ಯೋದಂತೆ. ಅವ್ರಮ್ಮ ಕೊಟ್ಟಿದ್ದಂತೆ. ಮೂರು ಮಕ್ಳಿಗೂ ಅದ್ರಲ್ಲೇ ಹುಯ್ದಿದ್ರಂತೆ. ಇಳ್ಸಿ, ಹುಣಸೆಹಣ್ಣು ಹಾಕಿ ತಿಕ್ಕಿಡು ಅಂದ್ರು. ನಾನು ಹ್ಞೂಂ ಅಂದ್ಬಿಟ್ಟೆ ಅಣ್ಣಾ.”

ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟಳು. ಅವಳ ಅತ್ತೆಯ ಹೆಸರು ತೀರ್ಥಮ್ಮ ಎಂದು ನನಗೆ ಆಗ ಹೊಳೆಯಿತು. ಹೆಸರು ಕೊರೆಯುವುದೇ ಕಸುಬಾದ ನಾನು, ನಮ್ಮಪ್ಪ ಕೊರೆದ ಹೆಸರನ್ನೇ ನೋಡದೆ ತಕ್ಕಡಿಗೆ ಹಾಕಿದ್ದೆ. ನಾಚಿಕೆಯಾಯಿತು. ಅಂಗಡಿಯನ್ನು ಸೌಮ್ಯಳಿಗೆ ಒಪ್ಪಿಸಿ, ಆ ಹುಡುಗಿಯನ್ನು ಕರೆದುಕೊಂಡು ಅಜ್ಜಂಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಹನ್ನೊಂದು ವರ್ಷ ಹುಡುಕಿ ಪಡೆದದ್ದನ್ನು ಕೊಡಿ ಎಂದು ಯಾವ ಬಾಯಲ್ಲಿ ಕೇಳಲಿ?

ಯಶೋದಮ್ಮನ ಕೋಣೆಯ ಕಿಟಕಿಯಲ್ಲಿ ಚೊಂಬು ಚಿನ್ನದ ಹಾಗೆ ಹೊಳೆಯುತ್ತಿತ್ತು. ವಿದ್ಯಾಶ್ರೀ ಅದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಎಲ್ಲವನ್ನೂ ನಾನೇ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ.

ಯಶೋದಮ್ಮ ಎಷ್ಟು ಹಗುರವಾಗಿ ಬದುಕುವವರಾದರೂ ಆ ಚೊಂಬು ಅವರಿಗೆ ಹಗುರವಾಗಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಎದ್ದು ಹೋಗಿ ಚೊಂಬು ತೆಗೆದುಕೊಂಡರು. ಕತ್ತು ಎತ್ತಿ ಅದರಲ್ಲಿದ್ದ ನೀರನ್ನು ನಿಧಾನವಾಗಿ ಅರ್ಧ ಕುಡಿದರು. ಉಳಿದರ್ಧವನ್ನು ಬಾಗಿಲ ಬಳಿಯ ದಾಸವಾಳದ ಬುಡಕ್ಕೆ ಹುಯ್ದರು. ಸೆರಗಿನಿಂದ ಒಳಗೂ ಹೊರಗೂ ಒರೆಸಿ ಹುಡುಗಿಯ ಕೈಗಿಟ್ಟರು.

“ತಗಳಮ್ಮಾ. ಇಪ್ಪತ್ತು ದಿನ ನನ್ನ ಮನೇಲಿತ್ತು, ಆಸೆ ತೀರ್ತು.”

ವಿದ್ಯಾಶ್ರೀ ಪರ್ಸಿಗೆ ಕೈ ಹಾಕಿದಳು. ಯಶೋದಮ್ಮ ಅವಳ ಕೈಯನ್ನು ಹಿಡಿದು ನಿಲ್ಲಿಸಿದರು. “ದುಡ್ಡು ಬ್ಯಾಡ. ನಿಮ್ಮತ್ತೆಗೆ ನಿಜ ಹೇಳು, ಅಷ್ಟ್ ಸಾಕು. ಮೊದ್ಲು ಚೊಂಬು ಅವ್ರ ಕೈಲಿಟ್ಬಿಡು, ಆಮೇಲ್ ಹೇಳು. ಚೊಂಬು ಸಿಕ್ಕಿರೋರಿಗೆ ಅರ್ಧ ಸಿಟ್ಟೇ ಇರ್ತದೆ. ಮತ್ತೆ ಮಗೂಗೆ ನೀರು ಸುಡ್ಬಾರ್ದು ಕಣೇ. ಮೊಣಕೈ ಅದ್ದಿ ನೋಡಿ ಹುಯ್ಯಿ ಅನ್ನು.” ನರ್ಸಮ್ಮನ ಬುದ್ಧಿ ಎಲ್ಲಿಗೆ ಹೋಗುತ್ತದೆ?

ಹುಡುಗಿ ಬಗ್ಗಿ ಕಾಲು ಮುಟ್ಟಿದಳು. ನಾನು ಕಿಟಕಿಯಲ್ಲಿ ಖಾಲಿಯಾದ ಜಾಗ ನೋಡುತ್ತಾ, “ನನ್ನ ಅಂಗಡಿಯಲ್ಲಿ ಒಳ್ಳೆಯದೊಂದು ಹೊಸ ಚೊಂಬಿದೆ, ನಾಳೆಯೇ ಕಳಿಸ್ತೀನಿ” ಎಂದೆ.

“ಹೊಸದು ತಗಂಡು ಏನ್ಮಾಡ್ಲಿ? ಅದನ್ನ ಇನ್ನೂ ಯಾರೂ ಮುಟ್ಟೇ ಇಲ್ಲ. ಹತ್ತು ವರ್ಷ ನಿಮ್ಮನೇಲಿ ಬಳಸಿ, ಆಮೇಲ್ ಕೊಡಿ. ಅಲ್ಲೀಗಂಟ ಲೋಟ ಇದೆಯಲ್ಲ” ಎಂದು ನಕ್ಕರು. ನಗು ನಿಜವಾದದ್ದೇ. ನನಗೇ ನಗಲಾಗಲಿಲ್ಲ.

ಗುರುವಾರ ಮಗುವಿಗೆ ಚೊಂಬಿನಲ್ಲೇ ನೀರು ಬಿತ್ತು. ವಿದ್ಯಾಶ್ರೀ ನಿಜವನ್ನೂ ಹೇಳಿದಳು. ತೀರ್ಥಮ್ಮ ಒಂದು ದಿನ ಮಾತು ಬಿಟ್ಟರಂತೆ. ಮರುದಿನ ಬೆಳಿಗ್ಗೆ, “ಇಡ್ಲಿ ಮಾತ್ರ ಮೆತ್ತಗೆ ಬಂದೈತೆ” ಅಂದರಂತೆ. ಆ ಮನೆಯ ಕಥೆ ಅಲ್ಲಿಗೆ ಸರಿಯಾಯಿತು.

ನನ್ನದು ಸರಿಯಾಗಿರಲಿಲ್ಲ. ‘ನಿಮ್ಮನೇಲಿ ಬಳಸಿ ಕೊಡಿ’ ಎಂಬ ಮಾತು ಕಿವಿಯಲ್ಲೇ ಇತ್ತು. ಭಾನುವಾರ ಮಧ್ಯಾಹ್ನ ಏಣಿ ಹಾಕಿ ನಮ್ಮ ಅಟ್ಟ ಹತ್ತಿದೆ. ಮೂಲೆಯಲ್ಲಿ ಗೋಣಿಚೀಲ, ಅದರೊಳಗೆ ಅಮ್ಮನ ಚೊಂಬು. ಅಮ್ಮ ತೀರಿಕೊಂಡು ಒಂಬತ್ತು ವರ್ಷ. ಆಕೆಯ ನೆನಪಿಗೆ ಎಂದು ಇಟ್ಟುಕೊಂಡವನು ನಾನೇ, ಒಂಬತ್ತು ವರ್ಷ ಅದನ್ನು ಚೀಲದಿಂದ ತೆಗೆಯದವನೂ ನಾನೇ. ಹುಣಸೆಹಣ್ಣು, ಉಪ್ಪು ಹಾಕಿ ಹಿತ್ತಲಲ್ಲಿ ಕೂತು ತಿಕ್ಕಿದೆ. ಸೌಮ್ಯ, “ಅಂಗಡೀಲಿ ಇಲ್ಲದ ಚೊಂಬಾ ಇದು?” ಎಂದು ನಕ್ಕಳು. ಮಸಿ ಬಿಟ್ಟ ಹಾಗೆ ಕತ್ತಿನ ಮೇಲೆ ಅಪ್ಪನ ಚುಕ್ಕಿಗಳು ಒಂದೊಂದೇ ಮೇಲೆ ಬಂದವು. ‘ಮಲ್ಲಿಕಾಂಬ.’ ಬೇರೆಯವರ ಹೆಸರಿಗಿಂತ ಈ ಅಕ್ಷರಗಳಿಗೆ ಅಪ್ಪ ಚುಕ್ಕಿಗಳನ್ನು ಹತ್ತಿರ ಹತ್ತಿರ ಹೊಡೆದಿದ್ದ. ಅದನ್ನು ನಾನು ಅವತ್ತೇ ಮೊದಲು ಗಮನಿಸಿದ್ದು.

ಮರುದಿನ ಅಜ್ಜಂಪುರಕ್ಕೆ ಹೋಗಿ ಚೊಂಬನ್ನು ಯಶೋದಮ್ಮನ ಮುಂದಿಟ್ಟೆ. ಅವರು ಹೆಸರು ಓದಿದರು. “ನಿಮ್ಮಮ್ಮಂದಲ್ವಾ? ಇದನ್ ಯಾಕ್ ತಂದ್ರಿ?”

“ನಮ್ಮನೇಲಿ ಸುಮ್ನೆ ಚೀಲದಲ್ಲಿತ್ತು. ನಿಮ್ಮನೇಲಿ ನೀರು ಕಾಣ್ಲಿ.”

ಅವರು ಬೆರಳ ಗೆಣ್ಣಿನಿಂದ ಚೊಂಬನ್ನು ತಟ್ಟಿ ಕಿವಿಗೊಟ್ಟರು. ಅರವತ್ತರ ಹತ್ತಿರದ ನಾನು ಪರೀಕ್ಷೆಯ ರಿಸಲ್ಟಿಗೆ ಕಾಯುವವನ ಹಾಗೆ ನಿಂತಿದ್ದೆ.

“ಒಳ್ಳೇ ಮನೇದು” ಎಂದರು.

ಆಮೇಲೆ ಹಂಡೆಯಿಂದ ನೀರು ತುಂಬಿ, ಮೊದಲು ನನಗೇ ಕೊಟ್ಟರು. ಅಮ್ಮ ಹೋದ ಮೇಲೆ ಆ ಚೊಂಬಿನಲ್ಲಿ ನಾನು ಕುಡಿದ ಮೊದಲ ನೀರು ಅದು.