ನಂಬದೆ ಹಾಡಬಹುದೇ

ಮೂಡಲಪಾಳ್ಯದಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗಿನ ಅಂತಸ್ತಿನಲ್ಲಿ ಮನೆಯ ಒಡತಿಯೇ ಇದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಕ್ರೈಸ್ತ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ನಾವು ರಾಣೆಬೆನ್ನೂರು ಕಡೆಯಿಂದ ಬಂದ ಲಿಂಗಾಯತರು. ನಮ್ಮ ಮನೆಯವರಿಗೆ ನಾಯಂಡಹಳ್ಳಿಯ ವರ್ಕ್‌ಶಾಪ್ ಒಂದರಲ್ಲಿ ಸೂಪರ್‌ವೈಸರ್ ಕೆಲಸ. ಅವರು ಬೆಳಗ್ಗೆ ಹೊರಟರೆ ನಾನು ಹೊಸ ಊರಿನಲ್ಲಿ ಒಬ್ಬಳೇ. ಮನೆಯೊಡತಿಯನ್ನು ನಾನು ಆಂಟಿ ಎನ್ನುತ್ತಿದ್ದೆ. ಮೊದಮೊದಲು ನೀರಿನ ಮೋಟಾರಿನ ವಿಷಯಕ್ಕೆ ಮಾತ್ರ ಮಾತಾಡುತ್ತಿದ್ದವರು ಆಮೇಲಾಮೇಲೆ ನನ್ನ ಜೋಳದ ರೊಟ್ಟಿಗೆ ಕಾಯತೊಡಗಿದರು.

ಎರಡು ಸಾವಿರದ ನಂತರದ ಮೊದಲ ವರ್ಷಗಳು. ಮೈಸೂರು ರಸ್ತೆಯ ಮೇಲೆ ಇನ್ನೂ ಮೆಟ್ರೊ ಇರಲಿಲ್ಲ. ಆಂಟಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಕೋಲು ಹಿಡಿದು ನಡೆಯುವಂತಾದರೂ ಒಬ್ಬರೇ ಆಟೊ ಹತ್ತಲು ಆಗುತ್ತಿರಲಿಲ್ಲ.

"ಭಾನುವಾರ ಚರ್ಚ್ ತನಕ ಬರ್ತೀಯೇನಮ್ಮ? ಆಟೊ ಹತ್ತೋಕೆ, ಇಳಿಯೋಕೆ ಒಂದು ಕೈ ಆಸರೆ ಬೇಕು ಅಷ್ಟೆ" ಎಂದು ಕೇಳಿದರು. ಹೂಂ ಅಂದೆ.

ವಿಜಯನಗರದ ಆ ಚರ್ಚಿಗೆ ಅವರನ್ನು ಕರೆದುಕೊಂಡು ಹೋಗಿ, ಒಳಗೆ ಕೂರಿಸಿ, ನಾನು ಹೊರಗೆ ಹೊಂಗೆ ಮರದ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಒಂದು ಭಾನುವಾರ ಜೋರು ಮಳೆ ಹಿಡಿಯಿತು. ಬಾಗಿಲ ಬಳಿ ಹಾಡಿನ ಪುಸ್ತಕ ಹಂಚುತ್ತಿದ್ದ ಹಿರಿಯರೊಬ್ಬರು, "ಒಳಗೆ ಬಾರಮ್ಮ, ಯಾಕೆ ನೆನೀತೀಯ" ಎಂದು ಕರೆದು ನನ್ನ ಕೈಗೂ ಒಂದು ಪುಸ್ತಕ ಕೊಟ್ಟರು. ಹಿಂದಿನ ಬೆಂಚಿನಲ್ಲಿ ಕೂತೆ.

ಚಿಕ್ಕಂದಿನಲ್ಲಿ ನಮ್ಮೂರಿನ ಗವಾಯಿಗಳೊಬ್ಬರ ಹತ್ತಿರ ನಾನು ಸಂಗೀತ ಕಲಿತಿದ್ದೆ. ಮದುವೆಯಾದ ಮೇಲೆ ಅದು ನಿಂತಿತ್ತು. ಅಂದು ಅವರು ಎತ್ತಿಕೊಂಡ ಹಾಡು ಭೂಪ ರಾಗದಲ್ಲಿತ್ತು. ಎರಡನೆಯ ಚರಣಕ್ಕೆ ನನಗರಿವಿಲ್ಲದೆ ದನಿ ಸೇರಿಸಿದ್ದೆ. ಮುಂದಿನ ಬೆಂಚಿನವರು ತಿರುಗಿ ನೋಡಿದಾಗಲೇ ನನಗೆ ಗೊತ್ತಾದದ್ದು.

ಆರಾಧನೆ ಮುಗಿದ ಮೇಲೆ ಚರ್ಚಿನ ಹಾಡಿನ ತಂಡವಾದ ಕ್ವಯರ್ ನಡೆಸುತ್ತಿದ್ದ, ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಒಬ್ಬರು ಓಡಿಬಂದರು. "ಅಕ್ಕಾ, ನಿಮ್ಮ ವಾಯ್ಸ್ ಇಷ್ಟು ದಿವಸ ಮರದ ಕೆಳಗೆ ಇತ್ತಾ? ಶನಿವಾರ ಪ್ರಾಕ್ಟೀಸ್‌ಗೆ ಬನ್ನಿ."

ಮನೆಯವರಿಗೆ ಹೇಳಿದೆ. ಅವರು ಕೇಳಿದರು: "ಹಾಡಾಕ ಹೊಂಟೀಯೋ, ಕುಲ ಬಿಡಾಕ ಹೊಂಟೀಯೋ?"

"ಹಾಡಾಕ."

"ಹಂಗಾರ ಹೋಗು."

ಹೋದೆ. ಒಂದೂವರೆ ವರ್ಷದಷ್ಟು ಕಾಲ ಅವರ ಜೊತೆ ಹಾಡಿದೆ. ಬಿಳಿ ಸೀರೆ ಉಟ್ಟು ಮುಂದೆ ನಿಂತೆ. ಡಿಸೆಂಬರಿನಲ್ಲಿ ಅವರೊಂದಿಗೆ ವ್ಯಾನ್ ಹತ್ತಿ ಚಂದ್ರಾ ಲೇಔಟ್, ಬಸವೇಶ್ವರನಗರದ ಮನೆಮನೆಗಳ ಮುಂದೆ ಕ್ರಿಸ್‌ಮಸ್ ಹಾಡು ಹೇಳಿದೆ, ಕೊಟ್ಟ ಕೇಕು ತಿಂದೆ. ಎಲ್ಲರೂ ಎದ್ದು ನಿಂತು 'ನಂಬುತ್ತೇನೆ' ಎಂದು ಒಟ್ಟಾಗಿ ಹೇಳುವ ಹೊತ್ತಿಗೆ ಮಾತ್ರ ನಾನು ಬಾಯಿ ಮುಚ್ಚಿ ನಿಂತಿರುತ್ತಿದ್ದೆ. ನಂಬಿದವರಿಗಷ್ಟೇ ಕೊಡುವ ಪ್ರಭು ಭೋಜನದ ರೊಟ್ಟಿ ತೆಗೆದುಕೊಳ್ಳಲು ಸಾಲು ಹೊರಟಾಗ ಜಾಗ ಬಿಟ್ಟು ಏಳುತ್ತಿರಲಿಲ್ಲ. ಯಾರೂ ಏನೂ ಕೇಳಲಿಲ್ಲ.

ಅಷ್ಟರಲ್ಲಿ ಹಳೆಯ ಪಾದ್ರಿಗಳಿಗೆ ವರ್ಗವಾಗಿ ಹೊಸಬರು ಬಂದರು. ಸಭೆಯವರು, ಅಂದರೆ ಆ ಚರ್ಚಿಗೆ ಸೇರಿದವರು, ಪಾದ್ರಿಗಳನ್ನು ಅಯ್ಯನವರು ಎನ್ನುತ್ತಿದ್ದರು. ಈ ಅಯ್ಯನವರು ನನಗಿಂತ ಸ್ವಲ್ಪವೇ ದೊಡ್ಡವರು, ಕಡ್ಡಿಯಂತಿದ್ದರು, ಮಾತು ಕಡಿಮೆ. ಒಂದು ಸಂಜೆ ಆಂಟಿಯನ್ನು ನೋಡಲು ಬಂದವರು ಮೆಟ್ಟಿಲು ಹತ್ತಿ ನಮ್ಮ ಮನೆಗೂ ಬಂದರು. ಚಹಾ ಕೊಟ್ಟೆ. ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದರು. "ಹಾಡ್ತೀರಲ್ಲ, ಅದನ್ನ ನೀವು ನಂಬ್ತೀರಾ?"

ಅಷ್ಟು ದಿನದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ಇಲ್ರಿ" ಎಂದೆ. "ಹಾಡು ಭಾಳ ಸೇರ್ತಾವ. ನಂಬಿಕಿ ಇಲ್ಲ."

ಅವರು ತಲೆಯಾಡಿಸಿದರು. "ಸಭೆಗೆ ಬನ್ನಿ. ಕೂತ್ಕೊಳ್ಳಿ, ಹಾಡಿ, ನಮ್ಮ ಜೊತೆ ಊಟ ಮಾಡಿ. ಬರಬೇಡಿ ಅನ್ನೋ ಹಕ್ಕು ನನಗಿಲ್ಲ. ಆದ್ರೆ ಕ್ವಯರ್‌ನವರು ಮುಂದೆ ನಿಂತು ಹಾಡೋದು ಸಭೆ ಪರವಾಗಿ. ನಾವು ನಂಬಿದ್ದೀವಿ ಅಂತ ಎಲ್ಲರ ಪರವಾಗಿ ಹೇಳೋ ಜಾಗ ಅದು. ನಂಬಿಕೆ ಇಲ್ಲ ಅನ್ನೋರ ಬಾಯಲ್ಲಿ ಅದನ್ನ ಹೇಳಿಸಿದ್ರೆ ನಿಮಗೂ ಮೋಸ, ಸಭೆಗೂ ಮೋಸ."

ನಾನು ಕೇಳಿದೆ: "ಉಳಿದವರು ಎಲ್ಲಾರೂ ನಂಬ್ಯಾರೇನ್ರಿ?"

"ಗೊತ್ತಿಲ್ಲ. ನಂಬ್ತೀವಿ ಅಂತ ಬಾಯಿಬಿಟ್ಟು ಹೇಳಿದಾರೆ. ನೀವು ಇಲ್ಲ ಅಂದ್ರಿ."

"ಅಂದ್ರ, ಖರೇ ಹೇಳಿದ್ದಕ್ಕ ಶಿಕ್ಷಾ?"

ಅಯ್ಯನವರು ಆರಿಹೋದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದರು. "ನಿಮಗೆ ಹಾಗೆ ಅನ್ಸೋದ್ರಲ್ಲಿ ತಪ್ಪಿಲ್ಲ. ಕ್ಷಮಿಸಿ" ಎಂದು ಕೆಳಗಿಳಿದು ಹೋದರು.

ಅಂದು ಅತ್ತುಬಿಟ್ಟೆ. ಎರಡು ದಿನ ಸಿಟ್ಟಿನಲ್ಲಿ ಪಾತ್ರೆ ಕುಕ್ಕಿದೆ. ಸುದ್ದಿ ತಿಳಿದು ಕ್ವಯರ್‌ನ ಗುಮಾಸ್ತರು ಮನೆಗೇ ಬಂದರು. ಅವರಿಗೆ ಸಮಸ್ಯೆ ಬಹಳ ಸುಲಭದ್ದಾಗಿ ಕಂಡಿತ್ತು.

"ಒಂದ್ಸಲ ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾಗ್ಬಿಡಿ ಅಕ್ಕ. ಐದು ನಿಮಿಷದ ಕೆಲಸ. ಒಳಗೇನಿದೆ ಅಂತ ಯಾರು ಬಗ್ಗಿ ನೋಡ್ತಾರೆ?"

ಪ್ರೀತಿಯಿಂದಲೇ ಹೇಳಿದ್ದರು. ಆದರೆ ಅಯ್ಯನವರು ಬೇಡ ಅಂದಾಗ ಆಗದಷ್ಟು ನೋವು ಈ ಮಾತಿನಿಂದ ಆಯಿತು. ಇವರಿಗೆ ಬೇಕಾದದ್ದು ನನ್ನ ಗಂಟಲು ಮಾತ್ರ. ಒಳಗಿರುವುದಕ್ಕೆ ಬೆಲೆಯಿದೆ ಎಂದುಕೊಂಡವರು ಆ ಕಡ್ಡಿಯಂಥ ಮನುಷ್ಯ ಒಬ್ಬರೇ ಎಂದು ಆಗ ಹೊಳೆಯಿತು. ನನ್ನ ಕೊರಳಲ್ಲಿ ಅಪ್ಪ ಕಟ್ಟಿಸಿದ ಲಿಂಗವಿತ್ತು. ಅದನ್ನಾದರೂ ನಂಬುತ್ತೀಯಾ ಎಂದು ನಮ್ಮ ಮಠದವರು ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಆಂಟಿಗೆ ಇಬ್ಬರ ಮೇಲೂ ಕೋಪ. ಅಯ್ಯನವರನ್ನು ಪುಸ್ತಕದ ಹುಳು ಎಂದು ಬೈದರು. ಗುಮಾಸ್ತರ ಮಾತು ಹೇಳಿದಾಗ ಮಾತ್ರ ಕೋಲು ನೆಲಕ್ಕೆ ಕುಟ್ಟಿದರು. "ಹಾಡೋ ಆಸೆಗೆ ನೀನೇನಾದ್ರೂ ನೀರಿಗಿಳಿದ್ರೆ ನಿನ್ನ ಹತ್ರ ಮಾತು ಬಿಟ್ಬಿಡ್ತೀನಿ ನೋಡು. ಅದು ಆಟ ಅಲ್ಲ ಕಣಮ್ಮ."

ನಾನು ಬಿಳಿ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟೆ. ಆಂಟಿಯ ಪಕ್ಕ ಬೆಂಚಿನಲ್ಲಿ ಕೂತೆ. ಮೊದಲ ಕೆಲವು ವಾರ ಜನ ಓರೆಗಣ್ಣಿನಲ್ಲಿ ನೋಡಿದರು, ಆಮೇಲೆ ಮರೆತರು. ಬೆಂಚಿನಿಂದ ಹಾಡಲು ಯಾರ ತಕರಾರೂ ಇರಲಿಲ್ಲ. ಚರ್ಚಿನ ಸುಗ್ಗಿ ಹಬ್ಬದ ಊಟಕ್ಕೆ ಬುಟ್ಟಿ ತುಂಬ ರೊಟ್ಟಿ, ಎಣ್ಣೆಗಾಯಿ ಮಾಡಿಕೊಂಡು ಹೋದೆ. ಅಯ್ಯನವರು ಎರಡನೆಯ ಸಲ ಹಾಕಿಸಿಕೊಂಡರು.

ಮರುವರ್ಷ ಚಳಿಗಾಲದಲ್ಲಿ ಆಂಟಿಗೆ ಜ್ವರ ಬಂದು ಎದೆಗಿಳಿಯಿತು. ಆಸ್ಪತ್ರೆಗೆ ಸೇರಿಸಿದೆವು. ಮನೆಗೆ ಮರಳಲಿಲ್ಲ. ದೇಹವನ್ನು ಕೆಳಗಿನ ಮನೆಯ ನಡುಮನೆಯಲ್ಲಿ ಇರಿಸಿದಾಗ ನೆಂಟರು ನಾಲ್ಕಾರು ಜನ, ಬೀದಿಯವರು, ಸಭೆಯವರು ಸೇರಿದ್ದರು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಪ್ರಾರ್ಥನೆ ಮುಗಿಸಿದ ಅಯ್ಯನವರು ಸುತ್ತ ನೋಡಿ ನನ್ನ ಹತ್ತಿರ ಬಂದರು.

"ಅವರಿಗೆ ಇಷ್ಟವಾದ ಹಾಡು ನಿಮಗೆ ಗೊತ್ತು. ಹೇಳ್ತೀರಾ?"

ನಾನು ಹಾಡಬಹುದೇ ಎಂಬಂತೆ ಅವರನ್ನೇ ನೋಡಿದೆ.

"ಇದು ಅವರ ಮನೆ. ನೀವು ಅವರ ಮನೆಯವರು" ಎಂದರು.

ಹಾಡಿದೆ. ಕೊನೆಯ ಚರಣ ಹಾಡಲಾಗಲಿಲ್ಲ. ಉಳಿದದ್ದನ್ನು ನೆರೆದವರು ಮುಗಿಸಿದರು. ಸ್ಮಶಾನದಲ್ಲಿ ಮಾತ್ರ ಕ್ವಯರ್‌ನವರು ಬಿಳಿ ಬಟ್ಟೆಯಲ್ಲಿ ನಿಂತು ಹಾಡಿದರು. ಅಲ್ಲಿ ಅಯ್ಯನವರು ನನ್ನನ್ನು ಕರೆಯಲಿಲ್ಲ, ಕರೆಯಲಿ ಎಂದು ನನಗೂ ಅನ್ನಿಸಲಿಲ್ಲ. ಮಣ್ಣು ಹಾಕುವಾಗ ಎಲ್ಲರಂತೆ ನಾನೂ ಒಂದು ಹಿಡಿ ಹಾಕಿದೆ.

ಮುಂದಿನ ಭಾನುವಾರ ಕರೆದುಕೊಂಡು ಹೋಗಲು ಯಾರೂ ಇರಲಿಲ್ಲ. ಆದರೂ ಹೊತ್ತಿಗೆ ಸರಿಯಾಗಿ ತಯಾರಾಗಿದ್ದೆ. "ಈಗ್ಯಾಕ?" ಎಂದು ಮನೆಯವರು ಕೇಳಿದರು. "ಅಲ್ಲಿ ನನ್ನ ಗುರ್ತಿನ ಮಂದಿ ಇದ್ದಾರ" ಎಂದೆ. ಅದೇ ನಿಜ. ಈ ಊರಿನಲ್ಲಿ ನನಗೆ ಮೈ ಹುಷಾರಿಲ್ಲದಾಗ ಗಂಜಿ ತಂದುಕೊಟ್ಟವರು, ಮುಂದೆ ಮಗಳು ಹುಟ್ಟಿದಾಗ ಬಂದು ಎಣ್ಣೆ ತಿಕ್ಕಿದವರು ಆ ಬೆಂಚಿನವರೇ. ನಂಬಿಕೆ ಬಂತೇ ಎಂದು ಕೆಲವರು ಆಸೆಯಿಂದ ಕೇಳುತ್ತಿದ್ದರು. ಇಲ್ಲ ಎಂದರೆ, ಬರುತ್ತೆ ಬಿಡಿ ಎನ್ನುತ್ತಿದ್ದರು. ಬರಲಿಲ್ಲ. ಬೆಂಚೂ ಬಿಡಲಿಲ್ಲ.

ಅಯ್ಯನವರಿಗೂ ವರ್ಗವಾಯಿತು. ಬೀಳ್ಕೊಡುಗೆಯ ಊಟದ ದಿನ ಕೈ ತೊಳೆಯುವ ಜಾಗದಲ್ಲಿ ಎದುರಾದರು. "ಆವತ್ತು ನಾನು ಹೇಳಿದ್ದು ಸರಿ ಅಂತ ಈಗಲೂ ಅನ್ಸುತ್ತೆ" ಎಂದರು.

"ನನಗೂ ಹಂಗ ಅನಸ್ತದ್ರಿ."

"ಆದ್ರೆ ಕ್ವಯರ್ ಮಾತ್ರ ಹಾಳಾಗ್ಹೋಯ್ತು" ಎಂದು ಅವರು ದನಿ ತಗ್ಗಿಸಿದರು. ಅಷ್ಟು ವರ್ಷಗಳಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವರ ನಂತರ ಬಂದವರು ಯಾರನ್ನೂ ಏನನ್ನೂ ಕೇಳುವವರಲ್ಲ. ಗುಮಾಸ್ತರು ಮತ್ತೆ ಶನಿವಾರದ ಪ್ರಾಕ್ಟೀಸ್‌ಗೆ ಕರೆದರು. ಮಗಳಿಗೆ ಹುಷಾರಿಲ್ಲ ಎಂದೋ ಏನೋ ನೆಪ ಹೇಳಬಹುದಿತ್ತು. ಹೇಳಲಿಲ್ಲ. ಬರುವುದಿಲ್ಲ ಎಂದಷ್ಟೇ ಹೇಳಿದೆ.